ನೂರಕ್ಕೆ ನೂರರ ಹಂಬಲ

ಕಥೆ ಮುಗಿದಿರುತ್ತದೆ. ರಾಕ್ಷಸ ಸತ್ತಿರುತ್ತಾನೆ, ರಾಜಕುಮಾರಿ ಬಿಡುಗಡೆಯಾಗಿರುತ್ತಾಳೆ, ಆಟವನ್ನು ತಯಾರಿಸಿದವರ ಹೆಸರುಗಳೆಲ್ಲ ತೆರೆಯ ಮೇಲೆ ಸಾಲುಸಾಲಾಗಿ ಹಾದು ಹೋಗಿರುತ್ತವೆ. ಆದರೂ ಹುಡುಗ ಕುಳಿತಲ್ಲಿಂದ ಏಳುವುದಿಲ್ಲ. "ಮುಗಿಯಿತಲ್ಲ ಮಗಾ, ಇನ್ನು ಎಂತ ಉಂಟು ಅದರಲ್ಲಿ?" ಎಂದು ತಾಯಿ ಕೇಳಿದರೆ, "ಅರುವತ್ತೆಂಟು ಪರ್ಸೆಂಟ್ ಆದದ್ದಷ್ಟೇ ಅಮ್ಮ" ಎಂಬ ಉತ್ತರ ಬರುತ್ತದೆ. ಈ ಉತ್ತರ ಇಂದು ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಕೇಳಿದ ಹಿರಿಯರು ಒಂದೋ ಗದರುತ್ತಾರೆ, ಇಲ್ಲವೇ ತಲೆಗೆ ಕೈಯಿಟ್ಟುಕೊಳ್ಳುತ್ತಾರೆ. ಆ ಅರುವತ್ತೆಂಟು ಯಾವುದರ ಅರುವತ್ತೆಂಟು ಎಂದು ಕೇಳುವವರು ಕಡಿಮೆ.

ಚೆನ್ನೆಮಣೆಯಲ್ಲಾಗಲಿ ಕಬಡ್ಡಿಯಲ್ಲಾಗಲಿ ಗೆದ್ದವನು ಗೆದ್ದ, ಸೋತವನು ಸೋತ. ಕೈಕಾಲು ತೊಳೆದು ಒಳಗೆ ಬಂದರೆ ಅಲ್ಲಿಗೆ ಮುಗಿಯಿತು. ವಿಡಿಯೋ ಗೇಮಿನಲ್ಲಿ ಹಾಗಲ್ಲ. ಅಲ್ಲಿ ಕಥೆಯನ್ನು ಮುಗಿಸುವುದು ಒಂದು ಕೆಲಸ, ಆಟವನ್ನು ಪೂರ್ತಿ ಮಾಡುವುದು ಇನ್ನೊಂದು ಕೆಲಸ. ಮೂಲೆಮೂಲೆಯಲ್ಲಿ ಅಡಗಿಸಿಟ್ಟ ವಸ್ತುಗಳನ್ನೆಲ್ಲ ಹುಡುಕಬೇಕು, ಅತಿ ಕಠಿಣ ಮಟ್ಟದಲ್ಲಿ ಮತ್ತೊಮ್ಮೆ ಆಡಬೇಕು, ಒಂದು ಪೆಟ್ಟೂ ತಿನ್ನದೆ ಸೇತುವೆ ದಾಟಬೇಕು. ಹೀಗೆ ಮಾಡಿದ ಒಂದೊಂದಕ್ಕೂ ಒಂದು ಗುರುತು ಸಿಗುತ್ತದೆ. 2005ರಲ್ಲಿ ಬಂದ ಮೈಕ್ರೋಸಾಫ್ಟ್ ಕಂಪೆನಿಯ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರ ಇದನ್ನು 'ಅಚೀವ್‌ಮೆಂಟ್' ಎಂದು ಕರೆದು, ಪ್ರತಿಯೊಂದಕ್ಕೂ ಅಂಕ ಕೊಟ್ಟು, ಆಟಗಾರನ ಹೆಸರಿನ ಮುಂದೆ ಒಟ್ಟು ಮೊತ್ತವನ್ನು ಬರೆಯತೊಡಗಿತು. 2008ರಲ್ಲಿ ಸೋನಿ ಕಂಪೆನಿ ತನ್ನ ಪ್ಲೇಸ್ಟೇಷನ್ 3ರಲ್ಲಿ ಇದನ್ನೇ 'ಟ್ರೋಫಿ' ಎಂದಿತು. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆ. ಅವನ್ನೆಲ್ಲ ಗಳಿಸಿದವನಿಗೆ ಕೊನೆಗೆ ಒಂದು ಪ್ಲಾಟಿನಂ. ಕಂಪ್ಯೂಟರಿನಲ್ಲಿ ಆಡುವವರಿಗಾಗಿ ಸ್ಟೀಮ್ ಎಂಬ ವ್ಯವಸ್ಥೆ 2007ರಿಂದ ಇಂಥದೇ ಗುರುತುಗಳನ್ನು ಕೊಡುತ್ತಿದೆ. ಲೋಕದ ಆಟಗಾರರಲ್ಲಿ ನೂರಕ್ಕೆ ಎಷ್ಟು ಮಂದಿ ಆ ಗುರುತನ್ನು ಪಡೆದಿದ್ದಾರೆ ಎಂಬುದನ್ನೂ ಪಕ್ಕದಲ್ಲೇ ತೋರಿಸುತ್ತದೆ. 'ನೂರಕ್ಕೆ ಒಬ್ಬನಿಗೂ ಸಿಗದ್ದು ನನಗೆ ಸಿಕ್ಕಿದೆ' ಎಂದು ಹುಡುಗ ಹಿಗ್ಗುವುದು ಇದನ್ನು ನೋಡಿಯೇ.

ಭಾಷೆಯ ಅಧ್ಯಾಪಕನಾದುದರಿಂದ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಟ್ರೋಫಿಗೆ ನಮ್ಮಲ್ಲಿ 'ಪಾರಿತೋಷಕ' ಎಂಬ ಶಬ್ದವಿದೆ. ಶಾಲಾ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಪ್ರತಿವರ್ಷ ಅಚ್ಚಾಗುವ ಶಬ್ದವೇ ಇದು. ಅದರ ಒಳಗೆ 'ತೋಷ' ಇದೆ, ಎಂದರೆ ತೃಪ್ತಿ. ಪೂರ್ಣವಾಗಿ ತೃಪ್ತಿಪಡಿಸುವಂಥದು ಪಾರಿತೋಷಕ. ಪ್ಲಾಟಿನಂ ದೊರೆತ ಮರುದಿನವೇ ಇನ್ನೊಂದು ಆಟದ ಪಟ್ಟಿಯನ್ನು ತೆರೆದು ಕೂರುವ ಹುಡುಗನಿಗೆ ದೊರೆತದ್ದು ಆ ಅರ್ಥದ ಪಾರಿತೋಷಕವೇ ಎಂಬುದು ವಿಚಾರ ಮಾಡಬೇಕಾದ ವಿಷಯ.

ಈ ಹಂಬಲವನ್ನು ಹುಟ್ಟುಹಾಕಿದ್ದು 2005ರ ಯಂತ್ರವೆಂದು ಯಾರೂ ಭಾವಿಸಬಾರದು. 1979ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಆಕ್ಟಿವಿಷನ್ ಎಂಬ ಕಂಪೆನಿ ಅಟಾರಿ ಯಂತ್ರಕ್ಕೆ ಆಟಗಳನ್ನು ಮಾಡುತ್ತಿತ್ತು. 1982ರಲ್ಲಿ ಅದು 'ಪಿಟ್‌ಫಾಲ್' ಎಂಬ ಆಟವನ್ನು ಹೊರತಂದಿತು. ಡೇವಿಡ್ ಕ್ರೇನ್ ಎಂಬವರು ರಚಿಸಿದ ಆಟ. ಕಾಡಿನಲ್ಲಿ ಓಡುವ ಒಬ್ಬ ಸಾಹಸಿ, ದಾರಿಯಲ್ಲಿ ಮೊಸಳೆ, ಚೇಳು, ಕೆಸರಗುಂಡಿ. ಇಪ್ಪತ್ತು ನಿಮಿಷಗಳೊಳಗೆ 32 ನಿಧಿಗಳನ್ನು ಹುಡುಕಬೇಕು. 20,000 ಅಂಕ ದಾಟಿದವರು ಟಿ.ವಿ. ಪರದೆಯ ಫೋಟೋ ತೆಗೆದು, ತೊಳೆಸಿ, ಲಕೋಟೆಯಲ್ಲಿಟ್ಟು ಕಂಪೆನಿಗೆ ಅಂಚೆಯಲ್ಲಿ ಕಳುಹಿಸಿದರೆ, ಅಂಗಿಗೆ ಹೊಲಿದುಕೊಳ್ಳಬಹುದಾದ ಒಂದು ಬಟ್ಟೆಯ ಲಾಂಛನ ತಿರುಗಿ ಬರುತ್ತಿತ್ತು. ನಮ್ಮ ಸ್ಕೌಟ್ ಮತ್ತು ಗೈಡ್ ಮಕ್ಕಳ ತೋಳಿನ ಮೇಲಿರುವ ಬ್ಯಾಡ್ಜನ್ನು ನೆನಪಿಸಿಕೊಂಡರೆ ಸಾಕು. ಆ ಆಟದಲ್ಲಿ ಸಾಧ್ಯವಿರುವ ಗರಿಷ್ಠ ಅಂಕ 1,14,000. ಇಪ್ಪತ್ತು ಸಾವಿರಕ್ಕೆ ಲಾಂಛನ ಸಿಕ್ಕಿದ ಮೇಲೂ ಆ ಕೊನೆಯ ಅಂಕದ ತನಕ ಹೋಗಬೇಕೆಂದು ಹಟ ಹಿಡಿದವರು ಆಗಲೂ ಇದ್ದರು. ಅದಕ್ಕೆ ಯಾವ ಬಟ್ಟೆಯ ತುಂಡೂ ಬೇಕಿರಲಿಲ್ಲ.

ಹಾಗಾದರೆ ಈ ಹಟ ಎಲ್ಲಿಂದ ಬರುತ್ತದೆ? ಮನಶ್ಶಾಸ್ತ್ರಜ್ಞರು ಇದನ್ನು ನೂರು ವರ್ಷಗಳ ಹಿಂದೆಯೇ ಕೇಳಿದ್ದರು. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಅವರ ಶಿಷ್ಯೆಯರಾಗಿದ್ದ ಇಬ್ಬರು ಮಹಿಳೆಯರ ಕೆಲಸ ಇಲ್ಲಿ ಮುಖ್ಯವಾದುದು. ಬ್ಲೂಮಾ ಝೈಗಾರ್ನಿಕ್ 1927ರಲ್ಲಿ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ ಎಂದು ಬರೆದರು. ಮರಿಯಾ ಒವ್ಸಿಯಾಂಕಿನಾ 1928ರಲ್ಲಿ, ಕೆಲಸವನ್ನು ಅರ್ಧದಲ್ಲಿ ತಡೆದು ಆಮೇಲೆ ಸುಮ್ಮನೆ ಬಿಟ್ಟರೆ, ಯಾರೂ ಹೇಳದಿದ್ದರೂ ಜನ ಅದನ್ನೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ ಎಂದು ತೋರಿಸಿದರು. ನೆನಪಿನ ಮಾತು ಮುಂದಿನ ಪರೀಕ್ಷೆಗಳಲ್ಲಿ ಪ್ರತಿಬಾರಿಯೂ ನಿಂತಿಲ್ಲ; ಮರಳಿ ಕೈಗೆತ್ತಿಕೊಳ್ಳುವ ಮಾತು ಹೆಚ್ಚು ಗಟ್ಟಿಯಾಗಿ ನಿಂತಿದೆ. ಅರ್ಧ ಹೆಣೆದ ಚಾಪೆ ಜಗಲಿಯಲ್ಲಿ ಬಿದ್ದಿದ್ದರೆ ಕೈ ತುರಿಸುವುದು ಯಾರಿಗೆ ಗೊತ್ತಿಲ್ಲ? ಆಟದವರು ಮಾಡಿದ್ದಿಷ್ಟೇ: ಚಾಪೆಯ ಎಷ್ಟು ಎಳೆ ಬಾಕಿಯಿದೆ ಎಂದು ಲೆಕ್ಕ ಹಾಕಿ ಕಣ್ಣ ಮುಂದೆ ತೂಗುಹಾಕಿದರು.

ಬಾಕಿ ಕಡಿಮೆಯಾದಂತೆ ಓಟ ಬಿರುಸಾಗುತ್ತದೆ ಎಂಬುದೂ ಪರೀಕ್ಷಿಸಿ ನೋಡಿದ ಸಂಗತಿ. ಅಮೆರಿಕದ ಇಬ್ಬರು ಸಂಶೋಧಕರು, ನ್ಯೂನ್ಸ್ ಮತ್ತು ಡ್ರೆಝ್, 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾರು ತೊಳೆಯುವ ಒಂದು ಅಂಗಡಿಯ 300 ಗಿರಾಕಿಗಳಿಗೆ ಕಾರ್ಡು ಹಂಚಲಾಯಿತು. ಅರ್ಧ ಮಂದಿಯ ಕಾರ್ಡಿನಲ್ಲಿ ಎಂಟು ಖಾಲಿ ಚೌಕ. ಎಂಟು ಸಲ ಬಂದು ಮುದ್ರೆ ಒತ್ತಿಸಿಕೊಂಡರೆ ಒಂದು ಸಲ ಪುಕ್ಕಟೆ. ಉಳಿದವರ ಕಾರ್ಡಿನಲ್ಲಿ ಹತ್ತು ಚೌಕ, ಆದರೆ ಎರಡಕ್ಕೆ ಮೊದಲೇ ಮುದ್ರೆ ಬಿದ್ದಿದೆ. ಎರಡು ಕಡೆಯೂ ಬರಬೇಕಾದದ್ದು ಎಂಟೇ ಸಲ. ಆದರೆ ಮೊದಲ ಗುಂಪಿನಲ್ಲಿ ಕಾರ್ಡು ತುಂಬಿಸಿದವರು ನೂರಕ್ಕೆ 19, ಎರಡನೆಯದರಲ್ಲಿ ನೂರಕ್ಕೆ 34! ಆಟ ತೆರೆದ ಐದು ನಿಮಿಷಗಳೊಳಗೆ "ನಿಮಗೆ ಮೊದಲ ಟ್ರೋಫಿ ದೊರೆತಿದೆ" ಎಂದು ಏಕೆ ಗಂಟೆ ಬಾರಿಸುತ್ತದೆ ಎಂಬುದು ಈಗ ತಿಳಿಯಿತಲ್ಲವೇ?

ಇಷ್ಟನ್ನು ಓದಿ, ಇದೆಲ್ಲ ಪರದೇಶದ ಮರುಳು ಎಂದು ಹಿರಿಯರು ಹೇಳುವಂತಿಲ್ಲ. ರಾಮನಾಮವನ್ನು ಕೋಟಿ ಸಲ ಬರೆದು ಪೂರೈಸಲು ಪುಸ್ತಕದ ಚೌಕಗಳನ್ನು ತುಂಬಿಸುತ್ತ ಕುಳಿತ ಅಜ್ಜಿಯಂದಿರು ನಮ್ಮಲ್ಲಿದ್ದಾರೆ. ಶಬರಿಮಲೆಗೆ ಹದಿನೆಂಟನೆಯ ವರ್ಷ ಹೋಗುವ ಸ್ವಾಮಿ ತೆಂಗಿನ ಸಸಿಯನ್ನು ಹೊತ್ತು ಹೋಗುತ್ತಾನೆ. ಹದಿನೇಳು ವರ್ಷ ಹೋಗಿ ನಿಲ್ಲಿಸಲು ಯಾರ ಮನಸ್ಸೂ ಒಪ್ಪದು. ಅಂಚೆ ಚೀಟಿ, ಬೆಂಕಿಪೆಟ್ಟಿಗೆಯ ಚಿತ್ರ, ಹಳೆಯ ನಾಣ್ಯ ಕೂಡಿಹಾಕಿದವರನ್ನು ಕೇಳಿ ನೋಡಿ: ಇದ್ದ ತೊಂಬತ್ತೊಂಬತ್ತು ನೆನಪಿರದಿದ್ದರೂ ಸಿಗದ ಒಂದು ನೆನಪಿರುತ್ತದೆ. ಭಕ್ತಿಯನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ಯಾರೂ ಕೋಪಿಸಿಕೊಳ್ಳಬಾರದು. ಪೂರ್ತಿಯಾಗಬೇಕೆಂಬ ಮನಸ್ಸು ಎರಡು ಕಡೆಯೂ ಇದೆ ಎಂದಷ್ಟೇ ನನ್ನ ಮಾತು.

ಇನ್ನು, ಪೂರ್ತಿ ಮಾಡುವವರೆಲ್ಲ ಒಂದೇ ಕಾರಣಕ್ಕೆ ಮಾಡುತ್ತಾರೆಂದೂ ಇಲ್ಲ. ರಿಚರ್ಡ್ ಬಾರ್ಟಲ್ ಎಂಬ ಆಟ ರಚನಕಾರರು 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಗುರಿ ಸಾಧಿಸುವವರು, ಹೊಸ ಜಾಗ ಹುಡುಕುವವರು, ನಾಲ್ಕು ಜನರೊಡನೆ ಬೆರೆಯಲು ಬರುವವರು, ಇತರರನ್ನು ಬಗ್ಗುಬಡಿಯಲು ಬರುವವರು. ಟ್ರೋಫಿಗಳನ್ನು ಮೊದಲನೆಯವರಿಗಾಗಿ ಮಾಡಿದ್ದಾದರೂ ಉಳಿದವರಿಗೂ ಅದರಲ್ಲಿ ಪಾಲುಂಟು. 1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ಆಟದಲ್ಲಿ ಹಿಡಿಯಬೇಕಾದ ಜೀವಿಗಳು 151. ಅದನ್ನು ಕಲ್ಪಿಸಿದ ಸತೋಷಿ ತಜಿರಿ ಬಾಲ್ಯದಲ್ಲಿ ಹೊಲ ಕೆರೆಗಳ ಬದಿಯಲ್ಲಿ ಕೀಟ ಹಿಡಿಯುತ್ತಿದ್ದವರು. ಆಟವನ್ನು ಕೆಂಪು, ಹಸಿರು ಎಂದು ಎರಡು ಬಗೆಯಾಗಿ ಮಾರಿದರು. ಕೆಲವು ಜೀವಿಗಳು ಒಂದರಲ್ಲಿ ಮಾತ್ರ, ಕೆಲವು ಇನ್ನೊಂದರಲ್ಲಿ ಮಾತ್ರ. ಗೆಳೆಯನ ಯಂತ್ರಕ್ಕೆ ತಂತಿ ಜೋಡಿಸಿ ಕೊಟ್ಟು ತೆಗೆದುಕೊಳ್ಳದೆ ಪಟ್ಟಿ ತುಂಬುತ್ತಲೇ ಇರಲಿಲ್ಲ. ಎರಡೆರಡು ಆಟ ಮಾರುವ ವ್ಯಾಪಾರದ ಜಾಣತನವೂ ಅದರಲ್ಲಿದೆ. ಇಬ್ಬರು ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ಗುಣವೂ ಇದೆ.

ಹಣದ ಕಾರಣವೂ ಉಂಟು. ದೊಡ್ಡ ಆಟವೊಂದರ ಬೆಲೆ ಸಾವಿರಾರು ರೂಪಾಯಿ. ಗಲ್ಫಿನಿಂದ ಮಾವ ತಂದುಕೊಟ್ಟ ಒಂದೇ ಒಂದು ಆಟ ಮನೆಯಲ್ಲಿರುವ ಹುಡುಗ ಅದನ್ನು ಸಿಪ್ಪೆಯ ತನಕ ತಿನ್ನುತ್ತಾನೆ. ಅದು ಮಿತವ್ಯಯ, ತಪ್ಪೇನಿಲ್ಲ. ಇನ್ನು ಕೆಲವರಿಗೆ ಆ ಲೋಕವನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಪ್ರೀತಿಯ ಕಾದಂಬರಿಯ ಕೊನೆಯ ಪುಟಗಳನ್ನು ನಿಧಾನವಾಗಿ ಓದುತ್ತೇವಲ್ಲ, ಹಾಗೆ ಅವರು ಎಲ್ಲ ಮನೆ, ಎಲ್ಲ ಗುಡ್ಡ ನೋಡಿ ವಿದಾಯ ಹೇಳುತ್ತಾರೆ. ನನ್ನ ತರಗತಿಯ ಒಬ್ಬಳು ಹುಡುಗಿ, "ಮಾಷ್ಟ್ರೇ, ಟ್ರೋಫಿ ಇಲ್ಲದಿದ್ದರೆ ಆ ಗುಹೆ ಉಂಟೆಂದೇ ನನಗೆ ಗೊತ್ತಾಗುತ್ತಿರಲಿಲ್ಲ" ಎಂದಳು. ಒಳ್ಳೆಯ ಪಟ್ಟಿ ಹಾಗಿರಬೇಕು. ಕಾಣದ ದಾರಿಯನ್ನು ತೋರಿಸಬೇಕು.

ಎಲ್ಲ ಪಟ್ಟಿಯೂ ಹಾಗಿರುವುದಿಲ್ಲ ಎಂಬುದೇ ತೊಂದರೆ. 2017ರಲ್ಲಿ ನಿಂಟೆಂಡೋ ಕಂಪೆನಿ ಹೊರತಂದ ಜೆಲ್ಡಾ ಸರಣಿಯ 'ಬ್ರೆತ್ ಆಫ್ ದಿ ವೈಲ್ಡ್' ಆಟದಲ್ಲಿ ಬೆಟ್ಟ, ಕಾಡು, ಕಲ್ಲಿನ ಸಂದಿಗಳಲ್ಲಿ 900 ಬೀಜಗಳನ್ನು ಅಡಗಿಸಿಟ್ಟಿದ್ದಾರೆ. ಆಟದಲ್ಲಿ ಅವುಗಳಿಂದಾಗುವ ಪ್ರಯೋಜನವೆಲ್ಲ 441 ಬೀಜಕ್ಕೇ ಮುಗಿಯುತ್ತದೆ. ಉಳಿದದ್ದನ್ನೂ ಹುಡುಕಿ 900 ಪೂರೈಸಿದವನಿಗೆ ಏನು ಕೊಡುತ್ತಾರೆ ಗೊತ್ತೇ? ಬಂಗಾರದ ಬಣ್ಣದ ಒಂದು ಸಗಣಿಯ ಮುದ್ದೆಯಂಥ ವಸ್ತು! ಆಟ ಮಾಡಿದವರೇ ನಗುತ್ತ, "ಇಷ್ಟು ಸಾಕಿತ್ತಲ್ಲ" ಎಂದಂತಿದೆ. ಆ ನಗುವಿನಲ್ಲಿ ಒಂದು ಪ್ರಾಮಾಣಿಕತೆಯಿದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕಿಂತ ವಿಚಿತ್ರವಾದುದು 'ಮೈ ನೇಮ್ ಈಸ್ ಮೇಯೋ' ಎಂಬ ಇನ್ನೊಂದು ಆಟ. ತೆರೆಯ ಮೇಲೆ ಒಂದು ಮೇಯೋನೀಸ್ ಭರಣಿ ಇರುತ್ತದೆ, ಅದನ್ನು ಹತ್ತು ಸಾವಿರ ಸಲ ಒತ್ತಬೇಕು. ಬೇರೇನೂ ಇಲ್ಲ. ಸುಲಭವಾಗಿ ಪ್ಲಾಟಿನಂ ಸಿಗುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ಕೊಂಡವರು ಬೇಕಾದಷ್ಟು ಮಂದಿ. ಆಟವೇ ಹೋಗಿ ಪಾರಿತೋಷಕ ಮಾತ್ರ ಉಳಿದರೆ ಹೀಗಾಗುತ್ತದೆ. ಗೈಡ್ ನೋಡಿಕೊಂಡು ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತ ಆಡುವ ಹುಡುಗ ಆಡುತ್ತಿಲ್ಲ, ಗುಮಾಸ್ತೆಯ ಕೆಲಸ ಮಾಡುತ್ತಿದ್ದಾನೆ, ಅದೂ ಸಂಬಳವಿಲ್ಲದೆ.

ರಕ್ಷಕರು ಗಮನಿಸಬೇಕಾದ ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಿಬಿಡುತ್ತೇನೆ. ಪ್ಲಾಟಿನಂ ಟ್ರೋಫಿ ಸಾಮಾನ್ಯವಾಗಿ ಕಾಯುತ್ತದೆ. ಪರೀಕ್ಷೆ ಮುಗಿದ ಮೇಲೆ, ಬೇಸಗೆ ರಜೆಯಲ್ಲಿ ಬಂದರೂ ಅದು ಅಲ್ಲೇ ಇರುತ್ತದೆ. ಆದರೆ ಫೋನಿನ ಎಷ್ಟೋ ಆಟಗಳಲ್ಲಿ ಪಟ್ಟಿಗೆ ಅವಧಿಯಿದೆ: ದಿನವೂ ಬಂದು ಹಾಜರಿ ಹಾಕಿದರೆ ಮಾತ್ರ ಉಡುಗೊರೆ, ಒಂದು ದಿನ ತಪ್ಪಿದರೆ ಮೊದಲಿನಿಂದ ಎಣಿಕೆ, ಈ ತಿಂಗಳೊಳಗೆ ಇಷ್ಟು ಮೆಟ್ಟಿಲು ಹತ್ತದಿದ್ದರೆ ಬಹುಮಾನ ಇನ್ನೆಂದೂ ಇಲ್ಲ, ಹತ್ತಲಾಗದಿದ್ದರೆ ಹಣ ಕೊಟ್ಟು ಮೆಟ್ಟಿಲು ಕೊಂಡುಕೊಳ್ಳಿ. ಇದು ಹಂಬಲವನ್ನು ಹಿಂಡುವ ಗಾಣ. ಮಗು ಯಾವ ಬಗೆಯ ಪಟ್ಟಿಯ ಹಿಂದೆ ಇದೆ ಎಂದು ತಿಳಿದುಕೊಂಡ ಮೇಲೆ ಗದರುವುದೋ ಬಿಡುವುದೋ ಎಂದು ನಿರ್ಧರಿಸಿರಿ. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳ ಮಾತೇ ಬೇರೆ. ಅವನ್ನು ನಿಷೇಧಿಸುವ ಕಾನೂನನ್ನು ಕೇಂದ್ರ ಸರಕಾರ 2025ರಲ್ಲಿ ತಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಆಟದ ಗೀಳನ್ನು ಸೇರಿಸಿದೆಯೆಂಬುದೂ ನಿಜ. ಆದರೆ ಅದು ಆಡಿದ ಗಂಟೆಗಳನ್ನಾಗಲಿ ಗಳಿಸಿದ ಟ್ರೋಫಿಗಳನ್ನಾಗಲಿ ಎಣಿಸಿ ಹೇಳುವ ರೋಗವಲ್ಲ. ಆಟದ ಮೇಲಿನ ಹಿಡಿತ ತಪ್ಪಿ, ಊಟ ನಿದ್ದೆ ಓದು ನಂಟುಗಳೆಲ್ಲ ಹಿಂದೆ ಸರಿದು, ಕೆಡುಕಾಗುತ್ತಿದೆಯೆಂದು ಕಂಡರೂ ನಿಲ್ಲಿಸಲಾಗದೆ, ಸಾಮಾನ್ಯವಾಗಿ ಒಂದು ವರ್ಷವಾದರೂ ಹಾಗೆಯೇ ನಡೆದರೆ ವೈದ್ಯರು ಆ ಹೆಸರನ್ನು ಬಳಸುತ್ತಾರೆ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಮಕ್ಕಳ ಪ್ಲಾಟಿನಂ ಹುಚ್ಚಿಗೆ ನಗುವ ನಾವು ಹಿರಿಯರು ಅವರಿಗೆ ಕೊಟ್ಟಿರುವ ಪಟ್ಟಿ ಎಂಥದು? ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಭಾಷೆಯ ಎರಡು ಪತ್ರಿಕೆ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ, ಭೌತ, ರಸಾಯನ, ಜೀವಶಾಸ್ತ್ರ, ಗಣಿತ, ಐ.ಟಿ. ಎಂದು ಹತ್ತು ವಿಷಯ. ನೂರಕ್ಕೆ ತೊಂಬತ್ತು ದಾಟಿದರೆ ಎ ಪ್ಲಸ್. ಹತ್ತರಲ್ಲಿ ಹತ್ತೂ ಬಂದರೆ 'ಫುಲ್ ಎ ಪ್ಲಸ್'. ಫಲಿತಾಂಶದ ಮರುದಿನ ಪೇಟೆಯ ವೃತ್ತಗಳಲ್ಲಿ ಫ್ಲೆಕ್ಸ್ ಏಳುತ್ತವೆ, ಕ್ಲಬ್ಬುಗಳು ಶಾಲು ಹೊದಿಸುತ್ತವೆ, ಬಂಧುಗಳು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಫುಲ್ ಉಂಟಾ?" ಅಂಕಗಳಿಗೆ ಬದಲು ಗ್ರೇಡು ಬಂದದ್ದೇ ಒಂದೆರಡು ಅಂಕಕ್ಕಾಗಿ ಮಕ್ಕಳು ನರಳಬಾರದೆಂದು. ನಾವು ಆ ಗ್ರೇಡುಗಳನ್ನೇ ಕೂಡಿಸಿ ಒಂದು ಪ್ಲಾಟಿನಂ ಮಾಡಿಟ್ಟೆವು. ಒಂಬತ್ತು ಎ ಪ್ಲಸ್, ಒಂದು ಎ ಬಂದ ಮಗು ಆ ದಿನ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಅಳುತ್ತದೆ. ಆ ಒಂದು ಎ ಸಾಮಾನ್ಯವಾದುದೇ? ಎಲ್ಲದರಲ್ಲೂ ಸಾಧಾರಣವಾಗಿ ಪಾಸಾಗಿ, ಗಣಿತದಲ್ಲಿ ಮಾತ್ರ ಮೈಮರೆಯುವ ಹುಡುಗನಿಗಂತೂ ಫ್ಲೆಕ್ಸಿನಲ್ಲಿ ಜಾಗವೇ ಇಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿ. 2021ರಲ್ಲಿ ರಾಜ್ಯದಲ್ಲಿ ಫುಲ್ ಎ ಪ್ಲಸ್ ಪಡೆದವರು 1,21,318 ಮಂದಿ. 2022ರಲ್ಲಿ 44,363. ಒಂದು ವರ್ಷದೊಳಗೆ ಮಕ್ಕಳು ದಡ್ಡರಾದರೇ? ಕೊರೋನಾ ಕಾಲದ ಆ ಮೊದಲ ಪರೀಕ್ಷೆಯಲ್ಲಿ ಪಾಠಗಳ ಆಯ್ದ ಭಾಗಗಳಿಗೆ ಒತ್ತು ಕೊಟ್ಟು, ಪ್ರಶ್ನೆಗಳಲ್ಲಿ ಆಯ್ಕೆಯನ್ನು ಹೆಚ್ಚಿಸಿದ್ದರು. ಮರುವರ್ಷ ಆ ಸಡಿಲಿಕೆ ಕಡಿಮೆಯಾಯಿತು. ಪಟ್ಟಿ ಬರೆದವರು ಪಟ್ಟಿಯನ್ನು ಬದಲಿಸಿದರು, ಅಷ್ಟೇ. ಆಟದಲ್ಲೂ ಹಾಗೆಯೇ: 900 ಎಂದು ಬರೆದವನು 90 ಎಂದೂ ಬರೆಯಬಹುದಿತ್ತು.

ಬಹುಮಾನವನ್ನು ಮೊದಲೇ ತೋರಿಸಿ ಕೆಲಸ ಮಾಡಿಸಿದರೆ ಏನಾಗುತ್ತದೆ ಎಂಬುದಕ್ಕೆ 1973ರ ಒಂದು ಪ್ರಸಿದ್ಧ ಪ್ರಯೋಗವಿದೆ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ನಡೆಸಿದ್ದು. ಚಿತ್ರ ಬಿಡಿಸುವುದೆಂದರೆ ಪ್ರಾಣವೆನ್ನುವ ಚಿಕ್ಕ ಮಕ್ಕಳನ್ನು ಆರಿಸಿ, ಒಂದು ಗುಂಪಿಗೆ, "ಚಿತ್ರ ಬಿಡಿಸಿದರೆ ರಿಬ್ಬನ್ ಕಟ್ಟಿದ ಒಂದು ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಕಳೆದು, ಬಿಡುವಿನ ವೇಳೆಯಲ್ಲಿ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರು. ಪ್ರಶಸ್ತಿಗಾಗಿ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಹತ್ತಿರ ಇದ್ದರು. ಹೇಳದೆ ಪಡೆದವರ ಪ್ರೀತಿ ಕುಗ್ಗಿರಲಿಲ್ಲ. ವಿಚಿತ್ರವೆಂದರೆ ಆಟ ಮಾಡುವವರಿಗೆ ಇದು ತಿಳಿದಂತಿದೆ. ಗಳಿಸುವ ತನಕ ಹೆಸರೇ ಕಾಣಿಸದ ಗುಪ್ತ ಟ್ರೋಫಿಗಳನ್ನು ಅವರು ಇಡುತ್ತಾರೆ. ನಮ್ಮ ಶಾಲೆಗಳಲ್ಲಿ ಅಂಥವು ಎಷ್ಟಿವೆ?

ಆದುದರಿಂದ ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಗೆ ನನ್ನದೊಂದು ಸೂಚನೆ ಇದೆ. ಫುಲ್ ಎ ಪ್ಲಸ್ ಪಡೆದವರ ಭಾವಚಿತ್ರ ಈ ಸಂಚಿಕೆಯಲ್ಲಿ ಹಾಕುವುದಕ್ಕೆ ನನ್ನ ವಿರೋಧವಿಲ್ಲ. ಆ ಮಕ್ಕಳು ದುಡಿದಿದ್ದಾರೆ. ಅದರ ಎದುರು ಪುಟವನ್ನು ಪ್ರತಿವರ್ಷ ಖಾಲಿ ಕಾದಿರಿಸಿ, ಯಾವ ಪಟ್ಟಿಯಲ್ಲೂ ಇಲ್ಲದ ಕೆಲಸ ಮಾಡಿದವರ ಹೆಸರನ್ನು ಮೊದಲೇ ಸಾರದೆ ಅಲ್ಲಿ ಅಚ್ಚುಹಾಕೋಣ. ವಾಚನಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದವರು, ಮಲಯಾಳ ಬಾರದ ಸಹಪಾಠಿಯ ಅರ್ಜಿಯನ್ನು ಬರೆದುಕೊಟ್ಟವರು, ತಾಳಮದ್ದಳೆಯಲ್ಲಿ ಅರ್ಥ ಹೇಳಲು ಒಬ್ಬರೇ ಕುಳಿತು ಪ್ರಸಂಗ ಓದಿದವರು ನಮ್ಮಲ್ಲಿದ್ದಾರೆ. ಮುಂದಿನ ವರ್ಷದ ಪಟ್ಟಿ ಬೇರೆ, ಅದರ ಮುಂದಿನದು ಮತ್ತೂ ಬೇರೆ ಆಗಬೇಕು. ಇಲ್ಲವಾದರೆ ಅದಕ್ಕೂ ಗೈಡ್ ಬರೆಯುವವರು ಹುಟ್ಟಿಕೊಳ್ಳುತ್ತಾರೆ.

ಈ ಕೊನೆಯ ಮಾತನ್ನು ನಾನು ತಮಾಷೆಗೆ ಹೇಳಿದ್ದಲ್ಲ. 2013ರಲ್ಲಿ ಬಂದ 'ದಿ ಸ್ಟ್ಯಾನ್ಲಿ ಪ್ಯಾರಬಲ್' ಎಂಬ ಆಟದಲ್ಲಿ 'ಹೊರಗೆ ಹೋಗು' ಎಂಬ ಹೆಸರಿನ ಒಂದು ಸಾಧನೆಯಿದೆ. ಅದನ್ನು ಗಳಿಸಬೇಕಾದರೆ ಐದು ವರ್ಷ ಆ ಆಟವನ್ನು ಮುಟ್ಟಬಾರದು. ಎಷ್ಟು ಜಾಣ ಕಲ್ಪನೆ! ಆದರೆ ಆಟಗಾರರು ಏನು ಮಾಡಿದರೆಂದರೆ, ಕಂಪ್ಯೂಟರಿನ ಗಡಿಯಾರವನ್ನು ಐದು ವರ್ಷ ಮುಂದಕ್ಕೆ ತಿರುಗಿಸಿ ಅದನ್ನು ಪಡೆದುಕೊಂಡರು. 2022ರಲ್ಲಿ ಆ ಆಟದ ಹೊಸ ಆವೃತ್ತಿ ಬಂದಾಗ ರಚನಕಾರರು ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿದ್ದಾರೆ. ಆ ವರ್ಷವೇ ಆಡಿ ಮುಚ್ಚಿಟ್ಟು, ಗಡಿಯಾರವನ್ನು ಮುಟ್ಟದೆ ಹೊರಗೆ ಹೋದವರಿಗೆ ಅದು 2032ರಲ್ಲಿ ಸಿಗುತ್ತದೆ.